ಟೆಂಪೋದಲ್ಲಿ ಸಿಕ್ಕಿಬಿದ್ದ ಗಾಯಕ

ಗದಗದಲ್ಲಿ ಹುಟ್ಟಿದವರಿಗೆ ಸಂಗೀತ ಬರದಿದ್ದರೂ ನಡೆಯುತ್ತದೆ, ಸಂಗೀತದ ಬಗ್ಗೆ ಅಭಿಪ್ರಾಯ ಇರದಿದ್ದರೆ ನಡೆಯುವುದಿಲ್ಲ. ನಮ್ಮ ಓಣಿಗೆ ಹಾಲು ಹಾಕುವವನು ಕೂಡ ಯಾವ ಗವಾಯಿಯ ತಾನ ಎಲ್ಲಿ ಸಡಿಲಾಯಿತು ಎಂದು ಹೇಳಿ ಮುಗಿಸಿದ ಮೇಲೆಯೇ ಪಾತೇಲಿಗೆ ಹಾಲು ಸುರಿಯುತ್ತಿದ್ದ. ಅಂಥ ಊರಿನಲ್ಲಿ ಬೆಳೆದ ನನಗೆ ಓದು ಮುಗಿದು, ಮದುವೆಯಾಗಿ, ನೌಕರಿ ಸಿಕ್ಕರೂ ಒಂದೇ ಒಂದು ಅಭಿಪ್ರಾಯ ಹುಟ್ಟಿರಲಿಲ್ಲ. ಹಾಡು ಕೇಳಿದರೆ ಚೆನ್ನಾಗಿದೆ ಅನ್ನುತ್ತಿದ್ದೆ. ಮುಗಿದರೆ ಇನ್ನೂ ಚೆನ್ನಾಗಿದೆ ಅನ್ನಿಸುತ್ತಿತ್ತು.

ಕೊನೆಗೂ ಅದು ಹುಟ್ಟಿದ್ದು ಶಿರಹಟ್ಟಿ ರಸ್ತೆಯ ಮೇಲೆ, ಒಂದು ಟೆಂಪೋದಲ್ಲಿ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಜನರ ನಡಿಗೆಯೇ ಬದಲಾಗಿತ್ತು. ಕಾಯಿಪಲ್ಲೆಯವಳ ಹತ್ತಿರ ಚೌಕಾಶಿ ಮಾಡಿದರೆ, "ಇದು ಈಗ ಜಿಲ್ಲಾ ಊರು ಐತ್ರಿ ಅಕ್ಕಾರ, ಹಳೇ ರೇಟ್ ಕೇಳಬ್ಯಾಡ್ರಿ" ಅನ್ನುತ್ತಿದ್ದಳು. ನಾನು ಕಲಿಸುತ್ತಿದ್ದ ಶಿರಹಟ್ಟಿಯ ಶಾಲೆಗೂ ಆ ಗಾಳಿ ತಾಗಿತ್ತು. ಬೋರ್ಡು ಬರೆಯುವವನು ಬಂದು 'ಧಾರವಾಡ' ಎಂದಿದ್ದಲ್ಲಿ ಬಿಳಿ ಬಣ್ಣ ಬಳಿದು, ಒಣಗಲಿ ಎಂದು ಹೋದವನು ತಿರುಗಿ ಬರಲಿಲ್ಲ. ಬಹಳ ಕಾಲ ನಮ್ಮ ಶಾಲೆ ಬರೀ 'ಜಿಲ್ಲೆ'ಯಲ್ಲಿತ್ತು, ಯಾವ ಜಿಲ್ಲೆ ಎಂಬುದನ್ನು ಓದುವವರೇ ಊಹಿಸಿಕೊಳ್ಳಬೇಕಿತ್ತು.

ಬೆಟಗೇರಿಯ ನಮ್ಮ ಮನೆಯಿಂದ ನಾನು ದಿನಾ ಶಿರಹಟ್ಟಿಗೆ ಹೋಗಿ ಬರಬೇಕಿತ್ತು. ಬಸ್ಸು ಹಿಡಿದರೆ ಪ್ರಾರ್ಥನೆಗೆ ಬಹಳ ಮೊದಲು ಮುಟ್ಟುತ್ತಿದ್ದೆ, ಇಲ್ಲವೇ ಪ್ರಾರ್ಥನೆ ಮುಗಿದು ಹಾಜರಿ ಕೂಗಿದ ಮೇಲೆ. ಹೀಗಾಗಿ ಗದಗದಿಂದ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಒಂದು ಟೆಂಪೋ ಹಿಡಿದೆ. ಅದರ ಮಾಲೀಕರೇ ಡ್ರೈವರೂ ಆಗಿದ್ದರು. ಲಕ್ಷ್ಮೇಶ್ವರದವರು, ಬಿಳಿ ಗಡ್ಡ, ಮೃದು ಮಾತು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

ಮೊದಲ ದಿನ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತೆ. ಚಾಚಾ ಕೀಲಿ ತಿರುವಿದ್ದೇ ತಡ, ಎಂಜಿನ್ನಿಗಿಂತ ಮೊದಲು ಟೇಪು ಶುರುವಾಯಿತು. ಗಂಡಸೊಬ್ಬ ಡೋಲಕ್ಕಿನ ಜೊತೆ ಗಂಟಲು ಬಿಚ್ಚಿ ಹಾಡಿದ:

"ಎಮ್ಮಿ ಮಾರಿ ರೇಡಿಯೋ ತಂದ, ಹಾಲು ಕೇಳಿದ್ರ ವಾರ್ತಾ ಅಂದ!"

"ಚಾಚಾ, ಸ್ವಲ್ಪ ಸಣ್ಣಗ ಮಾಡ್ರಿ," ಎಂದೆ.

"ಆಗೂದಿಲ್ರಿ ಅಕ್ಕಾರ."

"ಹಂಗಾರ ಬಂದ್ ಮಾಡ್ರಿ."

"ಅದೂ ಆಗೂದಿಲ್ರಿ."

ಆಮೇಲೆ ಅವರು ಸಮಾಧಾನವಾಗಿ ವಿವರಿಸಿದರು. ಟೆಂಪೋ ಕೊಂಡಾಗಲೇ ಆ ಕ್ಯಾಸೆಟ್ಟು ಒಳಗಿತ್ತು. ಹೊರಗೆ ತೆಗೆಯುವ ಗುಂಡಿ ಮುರಿದಿತ್ತು, ದನಿ ಸಣ್ಣ ಮಾಡುವ ತಿರುಗಣಿ ಸುಮ್ಮನೆ ಸುತ್ತುತ್ತಿತ್ತು. ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದು ಮಗ್ಗುಲು ಶುರುವಾಗುತ್ತಿತ್ತು. ಹಿಂದಕ್ಕೆ ಸರಿಸಲು ಬರುತ್ತಿರಲಿಲ್ಲ, ಮುಂದಕ್ಕೂ ಇಲ್ಲ.

"ಬಿಚ್ಚಿಸಬಾರದೇನ್ರಿ?" ಎಂದೆ.

"ಮಿಸ್ತ್ರಿ ಏನಂದ ಗೊತ್ತೇನ್ರಿ? ಟೇಪ್ ಬಿಚ್ಚಿದ್ರ ಹಾರ್ನ್ ಹೋಕ್ಕೈತಿ ಅಂದ. ಎರಡಕ್ಕೂ ಒಂದ ವೈರ್ ಐತಂತ. ಹಾರ್ನ್ ಇಲ್ದ ಮುಳಗುಂದ ನಾಕಾ ದಾಟೂದು ಹೆಂಗ್ರಿ ನೀವ ಹೇಳ್ರಿ."

ಅದು ನಿಜವೇ ಇರಬೇಕು. ಚಾಚಾ ಹಾರ್ನ್ ಒತ್ತಿದಾಗಲೆಲ್ಲ ಗಾಯಕ ಒಂದೊಂದು ಅಕ್ಷರ ನುಂಗುತ್ತಿದ್ದ. ಸಂತೆಯ ದಿನ ರಸ್ತೆಯಲ್ಲಿ ದನಕರು ಹೆಚ್ಚಾದರೆ ಹಾಡಿನಲ್ಲಿ ಅರ್ಧ ಸಾಹಿತ್ಯವೂ ಉಳಿಯುತ್ತಿರಲಿಲ್ಲ.

ಗಾಯಕನ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಜಾನಪದ ಕ್ಯಾಸೆಟ್ಟುಗಳ ಕಾಲದಲ್ಲಿ ಅವನ ದನಿ ಕೇಳದ ಚಹಾದಂಗಡಿ ಇರಲಿಲ್ಲ. ಆದರೆ ಬೇರೆಯವರು ಅವನನ್ನು ಬೇಕೆಂದು ಕೇಳುತ್ತಿದ್ದರು, ನಾವು ಹಾರ್ನಿಗಾಗಿ ಕೇಳುತ್ತಿದ್ದೆವು.

ನಾವು ಎಂದರೆ ದಿನನಿತ್ಯದ ನಾಲ್ಕು ಮಂದಿ. ನಾನು ಒಬ್ಬಳು. ಲಕ್ಷ್ಮೇಶ್ವರದಲ್ಲಿ ಹಾರ್ಮೋನಿಯಂ ಕಲಿಸುವ ಸಂಗೀತ ಮಾಸ್ತರರು ಇನ್ನೊಬ್ಬರು. ಅವರು ಶಾಸ್ತ್ರೀಯದವರು, ಟೆಂಪೋ ಹತ್ತುವ ಮೊದಲು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಮೂರನೆಯವರು ಲಕ್ಷ್ಮೇಶ್ವರದ ದನದ ಆಸ್ಪತ್ರೆಯ ಡಾಕ್ಟರು, ಇನ್ನೂ ಮದುವೆಯಾಗಿರದ ತರುಣ, ಯಾವ ವಿಷಯ ಬಂದರೂ ಒಂದು ಎಮ್ಮೆಯ ಉದಾಹರಣೆ ಕೊಡುತ್ತಿದ್ದರು. ಕೊನೆಗೆ ಅಡರಕಟ್ಟಿಯ ಬೆಣ್ಣೆ ಅಜ್ಜಿ. ನಸುಕಿನ ಟ್ರಿಪ್ಪಿಗೆ ಗದಗಕ್ಕೆ ಬಂದು, ಗೊತ್ತಿನ ಮನೆಗಳಿಗೆ ಬೆಣ್ಣೆ ಕೊಟ್ಟು, ಖಾಲಿ ಗಡಿಗೆ ಮಡಿಲಲ್ಲಿಟ್ಟುಕೊಂಡು ನಮ್ಮ ಜೊತೆ ವಾಪಸಾಗುತ್ತಿದ್ದಳು.

ಮೊದಮೊದಲು ನಾನು ಸಿಟ್ಟಾಗುತ್ತಿದ್ದೆ. ಆಮೇಲೆ ಸಿಟ್ಟು ಹೋಗಿ ಸುಮ್ಮನಾದೆ. ಅದಾದ ಮೇಲೆ ನನ್ನ ಮೈಯಲ್ಲಿ ಏನೋ ಬದಲಾಗತೊಡಗಿತು. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಮೇಜಿನ ಮೇಲೆ ನನ್ನ ಬೆರಳು ತಾನಾಗಿ ಆ ಡೋಲಕ್ಕಿನ ಪೆಟ್ಟು ಬಾರಿಸುತ್ತಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವುದೂ ಅದೇ ತಾಳಕ್ಕೆ. "ಏನ ಇದು, ರೊಟ್ಟಿ ಬಡೀತಿಯೋ, ಮೆರವಣಿಗಿ ಹೊಂಟಿಯೋ?" ಎಂದು ನಮ್ಮ ಮನೆಯವರು ಕೇಳಿದರು.

ಕ್ಯಾಸೆಟ್ಟಿನ ಹೊದಿಕೆ ಯಾರೂ ನೋಡಿರದ ಕಾರಣ ಹಾಡುಗಳಿಗೆ ನಾವೇ ಹೆಸರಿಟ್ಟಿದ್ದೆವು. ಎಮ್ಮಿ ಹಾಡು, ಅಳಿಯನ ಹಾಡು, ದೇವರ ಹಾಡು, ಬಾವಿ ಹಾಡು. ಎಮ್ಮಿ ಹಾಡಿನ ಬಗ್ಗೆ ಡಾಕ್ಟರಿಗೆ ವೃತ್ತಿಯ ತಕರಾರಿತ್ತು. "ಅಷ್ಟು ಹಾಲು ಕೊಡೂ ಎಮ್ಮಿ ಯಾರೂ ಮಾರೂದಿಲ್ರಿ. ಈ ಹಾಡು ಬರದಾಂವಗ ದನದ ಗಂಧ ಇಲ್ಲ." ಅಳಿಯನ ಹಾಡು ಬಂದಾಗ ಅಜ್ಜಿ ಮುಖ ಕಿಟಕಿಗೆ ತಿರುವುತ್ತಿದ್ದಳು. ಆಕೆಗೆ ಅಳಿಯಂದಿರಿದ್ದರು. ದೇವರ ಹಾಡಿನಲ್ಲಿ ಮೇಳದ ಹೆಣ್ಣುಮಕ್ಕಳು ಗಾಯಕನಿಗಿಂತ ಮೊದಲೇ ಪಲ್ಲವಿ ಮುಗಿಸಿಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದ ದಿನ ಇಡೀ ಟೆಂಪೋ ತಿರುಗಿ ನನ್ನನ್ನು ನೋಡಿತು.

"ಅಕ್ಕಾರಿಗೂ ಕಿವಿ ಅದಾವಲ್ಲಾ!" ಎಂದರು ಚಾಚಾ.

ಆವತ್ತು ಮನೆಗೆ ಹೋಗುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಬಾವಿ ಹಾಡು. ತವರಿನ ಅಣ್ಣ ಕರೆಯಲು ಬರುತ್ತಾನೆಂದು ತಂಗಿ ಬಾವಿಯ ಕಟ್ಟೆಯ ಮೇಲೆ ಕುಳಿತು ದಾರಿ ಕಾಯುವ ಹಾಡು. ನಡುವೆ ಒಂದು ಕಡೆ ಡೋಲಕ್ಕು ನಿಂತು, ಗಾಯಕ ಒಬ್ಬನೇ "ಅಣ್ಣಾ..." ಎಂದು ಎಳೆಯುತ್ತಿದ್ದ. ಅಲ್ಲಿ ಅವನ ದನಿ ಮೆಲ್ಲಗೆ ದಪ್ಪವಾಗಿ, ಕೆಳಗೆ ಕೆಳಗೆ ಇಳಿದು, ಇನ್ನು ಉಸಿರೇ ನಿಂತಿತು ಅನ್ನುವಷ್ಟು ಆಳಕ್ಕೆ ಹೋಗಿ, ನಡುಗುತ್ತಾ ಮತ್ತೆ ಮೇಲೇರಿ ಬರುತ್ತಿತ್ತು. ಮನುಷ್ಯರು ಮಾಡುವ ಕೆಲಸವಲ್ಲ ಅದು. ಬಾವಿಗೆ ಇಳಿದು ಕೊಡ ತುಂಬಿಕೊಂಡು ಬಂದಂತೆ ಇರುತ್ತಿತ್ತು. ಆ ಜಾಗ ಬರುವಾಗ ಚಾಚಾ ಹಾರ್ನ್ ಒತ್ತುತ್ತಿರಲಿಲ್ಲ. ಎದುರಿಗೆ ಎತ್ತಿನಗಾಡಿ ಬಂದರೂ ಬ್ರೇಕು ಹಾಕಿ ನಿಲ್ಲಿಸಿ, ಹಾಡು ಮೇಲೆ ಬಂದ ಮೇಲೆ ಹಾರ್ನ್ ಹೊಡೆಯುತ್ತಿದ್ದರು.

ಒಂದು ದಿನ ಆ 'ಅಣ್ಣಾ' ಮುಗಿದಾಗ ನೋಡುತ್ತೇನೆ, ಸಂಗೀತ ಮಾಸ್ತರರ ಕೈಯಲ್ಲಿ ಹತ್ತಿ ಇದೆ, ಕಿವಿಯಲ್ಲಿ ಇಲ್ಲ.

"ಮೀಂಡ್ ಅಂದ್ರ ಇದು," ಎಂದರು ಮಾಸ್ತರರು. ಅವರ ಕಣ್ಣು ಒದ್ದೆಯಾಗಿತ್ತು. "ದೊಡ್ಡ ದೊಡ್ಡ ಗವಾಯಿಗಳ್ನ ಕೇಳೇನಿ ನಾ. ಸ್ವರದಿಂದ ಸ್ವರಕ್ಕ ಜಾರಿ ಹೋಗೂದು ಎಲ್ಲಾರಿಗೂ ಬರತೈತಿ. ಇಂವ ಸ್ವರಾನ ಬಿಟ್ಟ ಹೋಗಿ, ಏನೂ ಇಲ್ಲದ ಜಾಗಾದಾಗ ನಿಂತ, ತಿರುಗಿ ಬರ್ತಾನ. ಇದಕ್ಕ ಹೆಸರಿಲ್ಲ."

"ಎಮ್ಮಿ ಈಯೂಕಿಂತ ಮೊದ್ಲ ಹಿಂಗ ಒಂದು ದನಿ ತಗೀತೈತ್ರಿ," ಎಂದರು ಡಾಕ್ಟರು. "ಅದನ್ನ ಕೇಳಿ ಕಲ್ತಾನ. ಆ ಎಮ್ಮಿ ಹಾಡು ಬ್ಯಾರೆ ಯಾರರ ಬರದಿರಬೇಕು, ಇದು ಮಾತ್ರ ಇಂವಂದ."

"ಅಂವಗ ಅವ್ವ ಇಲ್ಲ," ಎಂದಳು ಅಜ್ಜಿ. "ಅದಕ್ಕ ಹಂಗ ದನಿ."

ಅಜ್ಜಿಗೆ ಇನ್ನೊಂದು ಚಿಂತೆಯಿತ್ತು. ಎರಡನೆಯ ಮಗ್ಗುಲಿನಲ್ಲಿ ದೇವರ ಹಾಡಿನ ಹಿಂದೆ ಯಾರೋ ಒಂದು ಸಲ ಕೆಮ್ಮುತ್ತಾರೆ. ಗಮನವಿಟ್ಟು ಕೇಳಿದರೆ ಮಾತ್ರ ಗೊತ್ತಾಗುವ ಸಣ್ಣ ಕೆಮ್ಮು. ನಮ್ಮಷ್ಟು ಗಮನವಿಟ್ಟು ಕೇಳಿದವರು ಜಗತ್ತಿನಲ್ಲೇ ಇರಲಾರರು. "ಒಣ ಕೆಮ್ಮು ಅದು. ಎದಿಗೆ ಇಳದೈತಿ. ಯಾರೂ ನೋಡಾವ್ರಿಲ್ಲ ಅಂತ ಕಾಣತೈತಿ," ಎಂದು ಆಕೆ ಪ್ರತಿ ಸಲವೂ ಮರುಗುತ್ತಿದ್ದಳು.

ಒಮ್ಮೆ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೊರಗಿನ ಚಹಾದಂಗಡಿಯಲ್ಲಿ ಅದೇ ಬಾವಿ ಹಾಡು ಬಂತು. ಮಕ್ಕಳಿಗೆ ಸುಮ್ಮನಿರಲು ಹೇಳಿ ಕಾದು ನಿಂತೆ. 'ಅಣ್ಣಾ' ಬಂತು. ನೆಟ್ಟಗೆ ಬಂದು ನೆಟ್ಟಗೆ ಹೋಯಿತು. ಇಳಿಯಲಿಲ್ಲ, ನಡುಗಲಿಲ್ಲ, ಏನೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಮರುದಿನ ಟೆಂಪೋದಲ್ಲಿ ಸುದ್ದಿ ಹೇಳಿದೆ.

"ಡೂಪ್ಲಿಕೇಟ್ ಕ್ಯಾಸೆಟ್ ಇರ್ತಾವ್ರಿ," ಎಂದು ಡಾಕ್ಟರು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದರು. "ಒರಿಜಿನಲ್ ಎಲ್ಲಾ ಕಡೆ ಸಿಗೂದಿಲ್ಲ."

ಚಾಚಾ ಮೆಲ್ಲಗೆ ಟೇಪಿನ ಮೇಲೆ ಕೈ ಸವರಿದರು. ಅವತ್ತಿನಿಂದ ವಾರಕ್ಕೊಮ್ಮೆ ಅದರ ಧೂಳು ಒರೆಸತೊಡಗಿದರು. ಮಿಸ್ತ್ರಿಯ ಮಾತು ಯಾರೂ ಎತ್ತಲಿಲ್ಲ.

ಹೊಸ ಜಿಲ್ಲೆಯ ಅಭಿಮಾನವೂ ಇದರಲ್ಲಿ ಸೇರಿಕೊಂಡಿತು. ಗಾಯಕ ಯಾವ ಜಿಲ್ಲೆಯವನು ಎಂಬ ಚರ್ಚೆ ಬಂತು. ಅವನ ಊರು ಗಡಿಯ ಆಚೆ ಉಳಿದಿದೆ ಎಂದು ಯಾರೋ ಹೊಸ ಪ್ರಯಾಣಿಕ ಹೇಳಿದ. ಅಜ್ಜಿ ಅವನ ಮೇಲೆ ಹರಿಹಾಯ್ದಳು: "ಅವನ ಸ್ವಾದರತ್ತಿ ನಮ್ಮ ಅಡರಕಟ್ಟಿಯಾಕಿ. ಅಂದಮ್ಯಾಲ ಅಂವ ಎಲ್ಲ್ಯಾಂವ ಆದ? ನಮ್ಮ ಜಿಲ್ಲಾದಾಂವ ಆದ!" ಆ ಸೋದರತ್ತೆಯನ್ನು ಆಮೇಲೆ ನಾವು ಯಾರೂ ಎಂದೂ ನೋಡಲಿಲ್ಲ. ಆದರೆ ಗಾಯಕ ಗದಗ ಜಿಲ್ಲೆಗೆ ಸೇರಿದ.

ಈ ನಡುವೆ ಡಾಕ್ಟರಿಗೆ ಮುಂಡರಗಿಯ ಹೆಣ್ಣು ಗೊತ್ತಾಯಿತು. ಮಾವ ದೊಡ್ಡ ಶೇಂಗಾ ವ್ಯಾಪಾರಿ. ಮದುವೆ ಹೆಣ್ಣಿನ ಊರಲ್ಲೇ. ಮಾವನಿಗೆ ಮದುವೆಯಲ್ಲಿ ಶಹನಾಯಿ ಬೇಕಿತ್ತು, ಡಾಕ್ಟರು ತಮಗೆ ನಮ್ಮ ಗಾಯಕನೇ ಆಗಬೇಕು ಎಂದು ಹಟ ಹಿಡಿದರು. ವರದಕ್ಷಿಣೆ ಬೇಡ, ಗಾಡಿ ಬೇಡ, ಬಂಗಾರ ಬೇಡ, ಗಾಯಕ ಬೇಕು ಎಂಬ ಅಳಿಯ ಮಾವನಿಗೆ ಹೊಸಬ. ಅವರು ಒಪ್ಪಿಕೊಂಡರು, ಆದರೆ ಹುಡುಗನ ತಲೆಯ ಬಗ್ಗೆ ಲಕ್ಷ್ಮೇಶ್ವರದಲ್ಲಿ ವಿಚಾರಿಸಿದರು ಎಂದು ಆಮೇಲೆ ಗೊತ್ತಾಯಿತು.

ಮದುವೆ ಒಂದು ಭಾನುವಾರ. ಗಂಡಿನ ಕಡೆಯ ದಿಬ್ಬಣದ ಗಾಡಿ ಚಾಚಾನ ಟೆಂಪೋ. ಡಂಬಳ ದಾಟಿ, ಕಪ್ಪತಗುಡ್ಡವನ್ನು ಪಕ್ಕಕ್ಕೆ ಬಿಟ್ಟು ಹೊರಟೆವು. ಮಾಸ್ತರರು ಜರಿ ಪೇಟ ಸುತ್ತಿದ್ದರು. ನಾನು ಹೊಸ ಇಳಕಲ್ ಸೀರೆ ಉಟ್ಟಿದ್ದೆ. ಅಜ್ಜಿಯ ಕೈಯಲ್ಲಿ ಒಂದು ಸಣ್ಣ ಪೊಟ್ಟಣವಿತ್ತು.

"ಏನಜ್ಜಿ ಇದು?"

"ಕೆಮ್ಮಿನ ಪುಡಿ. ಕೆಮ್ಮಾಂವ ಬಂದಿರ್ತಾನಲ್ಲ, ಕೊಡತೇನಿ."

ಕಲ್ಯಾಣ ಮಂಟಪದಲ್ಲಿ ಅಕ್ಕಿಕಾಳು ಬಿದ್ದವು, ಮದುವೆಯಾಯಿತು. ಊಟದ ಪಂಕ್ತಿ ಕೂರುವ ಹೊತ್ತಿಗೆ ಗಾಯಕ ಮೇಳದೊಂದಿಗೆ ವೇದಿಕೆಗೆ ಬಂದ. ನಾವು ಮನಸ್ಸಿನಲ್ಲಿ ಹುರಿ ಮೀಸೆಯ ಒಬ್ಬ ಪೈಲವಾನನನ್ನು ಕಟ್ಟಿಕೊಂಡಿದ್ದೆವು. ಬಂದವನು ಸಣ್ಣ ಮೈಯವನು, ಕನ್ನಡಕ ಹಾಕಿದ್ದ, ಊರ ಲೆಕ್ಕ ಬರೆಯುವ ತಲಾಠಿಯ ಹಾಗೆ ಕಾಣುತ್ತಿದ್ದ.

"ಇಂವ ಅಲ್ಲ ಬಿಡ್ರಿ," ಎಂದಳು ಅಜ್ಜಿ. "ಇಂವ ಅವನ ಮಗ ಇರಬೇಕು."

ಬಾಯಿ ತೆರೆದಾಗ ಅವನೇ ಎಂದು ಗೊತ್ತಾಯಿತು. ಎಮ್ಮಿ ಹಾಡಿಗೆ ಜನ ಸಿಳ್ಳೆ ಹೊಡೆದರು, ನಾವು ಹೊಡೆಯಲಿಲ್ಲ. ನಾವು ಕಾಯುತ್ತಿದ್ದೆವು. ಕೊನೆಗೂ ಬಾವಿ ಹಾಡು ಬಂತು. ಚಾಚಾ ಟೋಪಿ ಸರಿಮಾಡಿಕೊಂಡರು. ಮಾಸ್ತರರು ಕಣ್ಣು ಮುಚ್ಚಿದರು. ವೇದಿಕೆಯ ಇನ್ನೊಂದು ತುದಿಯಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತ ಡಾಕ್ಟರು ಕತ್ತು ಉದ್ದ ಮಾಡಿದರು. ಡೋಲಕ್ಕು ನಿಂತಿತು. ಗಾಯಕ "ಅಣ್ಣಾ..." ಎಂದ.

ನೆಟ್ಟಗೆ. ಚಹಾದಂಗಡಿಯಲ್ಲಿ ಕೇಳಿದ ಹಾಗೆಯೇ.

ಡಾಕ್ಟರು ಎದ್ದೇ ನಿಂತರು. ಆ ತನಕ ಒಂದು ಮಾತೂ ಆಡಿರದ ಮದುಮಗಳು ಗಾಬರಿಯಾಗಿ ಕೇಳಿದಳಂತೆ: "ಏನಾತ್ರಿ?"

"ಬಾವಿಗೆ ಇಳೀಲಿಲ್ಲ ಅಂವ!"

"ಯಾರು?"

ಗಂಡ ಹೆಂಡತಿಯ ಮೊದಲ ಸಂಭಾಷಣೆ ಅದು. ಆಕೆಯೇ ಮುಂದೆ ನನಗೆ ಹೇಳಿದ್ದು.

ಮಾಸ್ತರರು ವೇದಿಕೆಯ ಹತ್ತಿರ ಹೋಗಿ ಕೈ ಮುಗಿದು, ಅದೇ ಹಾಡು ಇನ್ನೊಮ್ಮೆ ಆಗಲಿ ಎಂದು ಕೇಳಿಕೊಂಡರು. ಗಾಯಕ ಖುಷಿಯಿಂದ ಹಾಡಿದ. ಮತ್ತೆ ನೆಟ್ಟಗೆ. ಮಾಸ್ತರರು ಅಲ್ಲಿಂದ ಕದಲಲಿಲ್ಲ. "ಇನ್ನೊಂದ ಸಲ ಆಗಲ್ರಿ," ಎಂದರು. ಪಂಕ್ತಿಯಲ್ಲಿ ಕುಳಿತವರು ಗೋದಿ ಹುಗ್ಗಿ ಉಣ್ಣುವುದು ಬಿಟ್ಟು ನೋಡತೊಡಗಿದರು. ಮತ್ತೊಮ್ಮೆ ಹಾಡಿ ಮುಗಿಸಿದ ಗಾಯಕ ಮೈಕಿನಿಂದ ಈಚೆ ಬಂದು ಬಗ್ಗಿ ಕೇಳಿದ: "ಯಾಕ್ರಿ ಯಜಮಾನ್ರ, ಏನಾರ ತಪ್ಪಾತೇನು?"

"ತಪ್ಪಲ್ರಿ. ಆದ್ರ ಕ್ಯಾಸೆಟ್‌ನ್ಯಾಗ ಇದ್ದದ್ದು ಬರವಲ್ದು."

"ಕ್ಯಾಸೆಟ್‌ನ್ಯಾಗೂ ನಾನ ಹಾಡೇನಲ್ರಿ."

"ಅಲ್ಲಿ ಭಾಳ ಛಲೋ ಹಾಡೀರಿ," ಎಂದರು ಚಾಚಾ, ಸಂಕೋಚದಿಂದ. "ಈಗ ಯಾಕೋ ಆ ಹದ ಇಲ್ರಿ ಸಾಹೇಬ್ರ."

ಗಾಯಕನ ಮುಖ ಕೆಂಪಾಯಿತು. "ನನ್ನ ಹಾಡು ನನಗ ಕಲಸ್ತೀರಿ? ಎಲ್ಲೈತಿ ಆ ಕ್ಯಾಸೆಟ್, ತರ್ರಿ ಇಲ್ಲೆ."

"ತರಾಕ ಬರೂದಿಲ್ರಿ," ಎಂದರು ಚಾಚಾ. "ನೀವ ಬರಬೇಕು."

ಹೀಗೆ ಆ ಪ್ರಸಿದ್ಧ ಗಾಯಕ ಮುಂಡರಗಿಯ ಬಿಸಿಲಿನಲ್ಲಿ ನಿಂತಿದ್ದ ನಮ್ಮ ಟೆಂಪೋ ಹತ್ತಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತ. ಹಿಂದೆ ಅವನ ಡೋಲಕ್ಕಿನವನು, ಮಾಸ್ತರರು, ಅಜ್ಜಿ, ನಾನು. ಚಾಚಾ ಕೀಲಿ ತಿರುವಿದರು. ಟೇಪು ಅಳಿಯನ ಹಾಡಿನ ನಡುವಿನಿಂದ ಶುರುವಾಯಿತು. ಬಾವಿ ಹಾಡು ಬಹಳ ದೂರವಿತ್ತು.

"ಮುಂದ ಓಡಸ್ರಿ," ಎಂದ ಗಾಯಕ.

"ಬರೂದಿಲ್ರಿ."

"ಸಣ್ಣಗಾದ್ರೂ ಮಾಡ್ರಿ, ಕಿವಿ ಹರಿಯಾಕತ್ತೈತಿ."

"ಅದೂ ಬರೂದಿಲ್ರಿ."

ಗಾಯಕ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ನಾವು ಎಷ್ಟು ಕಾಲದಿಂದ ಅದನ್ನು ಕೇಳುತ್ತಿದ್ದೇವೆ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಅವನ ಸಿಟ್ಟು ಇಳಿದು ಮುಖದಲ್ಲಿ ಒಂದು ಥರ ಭಯ ಬಂತು. ಯಾರೋ ಅವನಿಗೆ ಬಟ್ಟಲಲ್ಲಿ ಹುಗ್ಗಿ ತಂದುಕೊಟ್ಟರು. ಅದನ್ನು ತಿನ್ನುತ್ತಾ ತನ್ನ ಹಾಡುಗಳನ್ನು ಒಂದೊಂದಾಗಿ ಕೇಳಿದ. "ಇಲ್ಲೆ ಉಸಿರು ಸಾಲವಲ್ದು," ಎಂದ. "ಇಲ್ಲೆ ಗಡಿಬಿಡಿ ಆಗೇತಿ, ಅವತ್ತ ಸ್ಟುಡಿಯೋದಾವ್ರು ಜಲ್ದಿ ಜಲ್ದಿ ಅಂತಿದ್ರು." ದೇವರ ಹಾಡು ಬಂದಾಗ ನಾನು ಧೈರ್ಯ ಮಾಡಿ ಮೇಳದವರ ಅವಸರದ ಬಗ್ಗೆ ಹೇಳಿದೆ. "ಖರೆ ಐತ್ರಿ ಅಕ್ಕಾರ," ಎಂದು ಅವನು ತಲೆಯಾಡಿಸಿದ. "ಅವ್ರಿಗೆ ಕಡೀ ಬಸ್ಸು ಹಿಡೀಬೇಕಿತ್ತು." ನನ್ನ ಅಭಿಪ್ರಾಯಕ್ಕೆ ಇಷ್ಟು ದೊಡ್ಡ ಮನ್ನಣೆ ಆಮೇಲೆ ಎಂದೂ ಸಿಕ್ಕಿಲ್ಲ.

ಅಷ್ಟರಲ್ಲಿ ಕೆಮ್ಮು ಬಂತು. ಅಜ್ಜಿ ಮುಂದೆ ಬಗ್ಗಿದಳು. "ಇದು ಯಾರ ತಮ್ಮಾ ಕೆಮ್ಮಿದ್ದು?"

ಡೋಲಕ್ಕಿನವನು ಬೆಚ್ಚಿದ. ಗಾಯಕ ತಿರುಗಿ ಅವನನ್ನು ನೋಡಿದ. "ನಾನ ಬೇ," ಎಂದ ಅವನು ತಲೆ ತಗ್ಗಿಸಿ. "ಯಾರಿಗೂ ಕೇಳಿಸಿಲ್ಲ ಅಂತ ಮಾಡಿದ್ದೆ."

ಅಜ್ಜಿ ಪೊಟ್ಟಣ ಅವನ ಕೈಯಲ್ಲಿಟ್ಟಳು. "ಜೇನುತುಪ್ಪದಾಗ ಕಲಸಿ ನೆಕ್ಕು. ಎಷ್ಟ ದಿನಾ ಆತು ಕೆಮ್ಮಾಕತ್ತು!" ಅವನ ಕೆಮ್ಮು ವಾಸಿಯಾಗಿ ಬಹಳ ಕಾಲವಾಗಿತ್ತು. ಆದರೂ ಅಜ್ಜಿಯ ಎದುರಿಗೆ ಒಂದು ಸಲ ಕೆಮ್ಮಿ, ಪೊಟ್ಟಣ ಕಿಸೆಗೆ ಹಾಕಿಕೊಂಡ. ಒಳ್ಳೆಯ ಮನುಷ್ಯ.

ಆ ಹೊತ್ತಿಗೆ ಡಾಕ್ಟರು ಬಾಸಿಂಗದ ಸಮೇತ ಓಡಿ ಬಂದರು. ಸೆರಗಿಗೆ ಗಂಟು ಹಾಕಿದ್ದರಿಂದ ಮದುಮಗಳೂ ಓಡಿ ಬರಬೇಕಾಯಿತು. ಇಬ್ಬರೂ ಬಾಗಿಲಲ್ಲಿ ನಿಂತರು. ಬಾವಿ ಹಾಡು ಶುರುವಾಗಿತ್ತು. ಡೋಲಕ್ಕು ನಿಂತಿತು. "ಅಣ್ಣಾ..." ದನಿ ದಪ್ಪವಾಗಿ ಕೆಳಗೆ ಇಳಿಯಿತು, ಇನ್ನೂ ಕೆಳಗೆ, ತಳದಲ್ಲಿ ನಿಂತು ನಡುಗಿತು, ಮೇಲೆ ಬಂತು.

ಗಾಯಕನ ಚಮಚ ಬಟ್ಟಲಲ್ಲೇ ನಿಂತಿತ್ತು.

"ಇದು ನಾನಲ್ಲ," ಎಂದ. "ಇಲ್ಲೆ ಟೇಪಿನ ಪಟ್ಟಿ ಎಳದೈತ್ರಿ. ಬಿಸಲಿಗೆ ಹಿಗ್ಗೇತಿ. ಕ್ಯಾಸೆಟ್ ಕೆಟ್ಟೈತಿ."

ಚಾಚಾ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದೆ ನೋಡುತ್ತಾ ಕುಳಿತರು. ಅವರ ಮನೆಯವರ ಬಗ್ಗೆ ಯಾರೋ ಹಗುರವಾಗಿ ಮಾತಾಡಿದ ಹಾಗಿತ್ತು ಅವರ ಮುಖ. ಇದು ಗೊತ್ತಾಗಬಾರದ ಸಂಗತಿಯಾಗಿತ್ತು, ಗೊತ್ತಾಗಿ ಹೋಯಿತು.

ಮಾಸ್ತರರು ಮಾತ್ರ ಸೋಲೊಪ್ಪಲಿಲ್ಲ. "ಪಟ್ಟಿ ಎಳದ್ರೇನಾತ್ರಿ? ದನಿ ನಿಮ್ಮದ ಹೌದಲ್ಲೋ? ಕೆಟ್ಟ ಹಾಡಿನ ಪಟ್ಟಿ ಎಳದ್ರ ಕೆಟ್ಟ ಹಾಡ ಬರತೈತಿ. ನಿಮ್ಮೊಳಗ ಅದು ಇತ್ತು, ಬಿಸಿಲು ಹೊರಗ ತಗೀತು."

ಗಾಯಕ ಯೋಚಿಸುವವನಂತೆ ಕನ್ನಡಕ ತೆಗೆದು ಒರೆಸಿದ.

ಅಷ್ಟರಲ್ಲಿ ಮದುಮಗಳು ಬಾಗಿಲಿಂದ ಹೇಳಿದಳು: "ಇನ್ನೊಮ್ಮೆ ಹಚ್ಚ್ರಿ."

"ಎಲ್ಲಾ ಮುಗದು ತಿರುಗಿ ಬರೂತನಾ ಕಾಯಬೇಕು," ಎಂದರು ಡಾಕ್ಟರು.

"ಕಾಯೂಣಲ್ಲ," ಎಂದು ಆಕೆ ಒಳಗೆ ಹತ್ತಿ ನನ್ನ ಪಕ್ಕ ಕುಳಿತಳು. ಸೆರಗಿನ ಗಂಟಿನಿಂದಾಗಿ ಡಾಕ್ಟರೂ ಹತ್ತಿದರು. ಮಂಟಪದಲ್ಲಿ ಆರತಿಗೆ ಕಾದಿದ್ದ ಮಾವ ಬಂದು ನೋಡಿದರೆ ಮದುಮಕ್ಕಳು, ಗಾಯಕ, ಡೋಲಕ್ಕು ಎಲ್ಲರೂ ನಿಂತ ಟೆಂಪೋದಲ್ಲಿ ಬೆವರುತ್ತಾ ಕುಳಿತಿದ್ದಾರೆ. ಏನಾಗಿದೆ ಎಂದು ಅವರು ಕೇಳಲಿಲ್ಲ. ಶಹನಾಯಿ ಹೇಳಿದ್ದರೆ ಇದಾಗುತ್ತಿರಲಿಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು ಒಳಗೆ ಹೋದರು.

ಎರಡನೆಯ ಸಲ ಕೇಳಿದ ಮೇಲೆ ಗಾಯಕ ಸರಸರನೆ ಇಳಿದು ವೇದಿಕೆಗೆ ಹೋಗಿ ಮೈಕು ಹಿಡಿದ. "ಮಂದಿ ಕೇಳ್ಯಾರ, ಪ್ರಯತ್ನ ಮಾಡತೇನಿ," ಎಂದ. ಬಾವಿ ಹಾಡು ಮತ್ತೆ. ಕೊನೆಯ ಪಂಕ್ತಿಯವರು ಈಗ ಮಜ್ಜಿಗೆಗೆ ಬಂದಿದ್ದರು. "ಅಣ್ಣಾ..." ಎಂದು ಇಳಿದ. ಒಳ್ಳೆಯ ಆಳಕ್ಕೇ ಇಳಿದ. ಮೇಲೆ ಬರಲು ಆಗಲಿಲ್ಲ. ತಳದಲ್ಲಿ ದನಿ ಗೊರಗೊರ ಎಂದು ನಿಂತುಹೋಯಿತು, ಒಂದು ಕೆಮ್ಮು ಬಂತು, ಬಗ್ಗಿ ನೀರು ಕುಡಿದ. ಜನ ನಕ್ಕರು. ಅವನೂ ನಕ್ಕ. ನಾವು ಮಾತ್ರ ನಗದೆ ಚಪ್ಪಾಳೆ ತಟ್ಟಿದೆವು.

"ಪ್ರಯತ್ನ ಛಲೋ ಐತಿ," ಎಂದು ಮಾಸ್ತರರು ಅವನ ಬೆನ್ನು ತಟ್ಟಿದರು. "ರಿಯಾಜ್ ಬೇಕು."

ಹೋಗುವಾಗ ಗಾಯಕ ಚಾಚಾನ ಕೈ ಹಿಡಿದು, "ಅದನ್ನ ಬಿಚ್ಚಿಸಬ್ಯಾಡ್ರಿ," ಎಂದ.

ಮುಂದಿನ ವರ್ಷ ಅವನ ಹೊಸ ಕ್ಯಾಸೆಟ್ಟು ಬಂತು. ಒಂದನ್ನು ಚಾಚಾಗೆ ಕಳಿಸಿಕೊಟ್ಟಿದ್ದ. ಟೆಂಪೋದ ಟೇಪಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಮದುವೆಯಾದ ಮೇಲೆ ಡಾಕ್ಟರು ಲಕ್ಷ್ಮೇಶ್ವರದಲ್ಲಿ ಹಿಡಿದಿದ್ದ ಮನೆಯಲ್ಲಿ ಎಲ್ಲರೂ ಸೇರಿದೆವು. ಡಾಕ್ಟರ ಹೆಂಡತಿ ಗಿರ್ಮಿಟ್ ಮಾಡಿದ್ದಳು, ಮಿರ್ಚಿ ಕರಿದಿದ್ದಳು. ಕ್ಯಾಸೆಟ್ಟು ಹಾಕಿದೆವು. ಮೊದಲ ಹಾಡಿನಲ್ಲೇ ಗಾಯಕ ಒಂದು ಕಡೆ ಕೆಳಗೆ ಇಳಿದ. ಮತ್ತೊಂದು ಕಡೆಯೂ ಇಳಿದ. ಎರಡನೆಯ ಹಾಡಿನಲ್ಲಿ ಅಣ್ಣ ಇಲ್ಲ, ಬಾವಿ ಇಲ್ಲ, ಒಬ್ಬ ಹುಡುಗ ಸೈಕಲ್ಲು ಕೊಡಿಸಿ ಎಂದು ಅಪ್ಪನನ್ನು ಕೇಳುತ್ತಿದ್ದಾನೆ, ಅಲ್ಲಿಯೂ 'ಸೈಕಲ್ಲೂ...' ಎಂದು ಪಾತಾಳಕ್ಕೆ ಹೋಗಿ ಬಂದ. ಈಗ ಮೇಲೆ ಬರುವುದನ್ನೂ ಕಲಿತಿದ್ದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅತಿ ಆತು," ಎಂದೆ ನಾನೇ ಮೊದಲು.

"ಎಲ್ಲಾ ಕಡೆ ಇಳಿದ್ರ ಅದಕ್ಕ ಕಿಮ್ಮತ್ತಿಲ್ಲ," ಎಂದರು ಮಾಸ್ತರರು. "ಹೊಗಳಿಕೆ ತಲಿಗೇರೇತಿ. ನಾವ ಕೆಡಿಸಿದ್ವಿ ಅವನ್ನ."

ಡಾಕ್ಟರು ಹೊಟ್ಟೆ ಉಬ್ಬರಿಸಿದ ಎತ್ತಿನ ಉದಾಹರಣೆ ಕೊಟ್ಟರು. ಚಾಚಾ ಇನ್ನೊಂದು ಮಿರ್ಚಿ ತೆಗೆದುಕೊಂಡರು. ಅಜ್ಜಿಗೆ ಒಂದೇ ಸಮಾಧಾನ, ಇಡೀ ಕ್ಯಾಸೆಟ್ಟಿನಲ್ಲಿ ಎಲ್ಲೂ ಕೆಮ್ಮಿರಲಿಲ್ಲ. "ಪುಡಿ ಹತ್ತಿತು ನೋಡು," ಎಂದಳು.

ಡಾಕ್ಟರ ಹೆಂಡತಿ ಒಬ್ಬಳೇ ಬೇರೆ ಮಾತಾಡಿದಳು. "ನಂಗ ಛಲೋ ಅನಸ್ತು. ಸೈಕಲ್ ಹಾಡು ಭಾಳ ಛಲೋ ಐತಿ. ನೀವೆಲ್ಲಾ ಹಿಂಗ ಮಾಡಿದ್ರ ಆ ಮನಷ್ಯಾ ಏನ ಹಾಡಬೇಕ್ರಿ? ನೆಟ್ಟಗ ಹಾಡಿದ್ರ ಇಳೀಲಿಲ್ಲ ಅಂತೀರಿ, ಇಳದ್ರ ಅತಿ ಅಂತೀರಿ."

ಜಗಳವೇ ಆಯಿತು. ಗಿರ್ಮಿಟ್ ಮುಗಿದು ಎರಡನೆಯ ಸಲ ಚಹಾ ಬರುವವರೆಗೂ ನಡೆಯಿತು. ಆಕೆ ಕದಲಲಿಲ್ಲ, ನಾವೂ ಕದಲಲಿಲ್ಲ. ಕೊನೆಗೆ ಮಾಸ್ತರರು ಎದ್ದು ಕ್ಯಾಸೆಟ್ಟು ಹೊರಗೆ ತೆಗೆದು ಕಿಸೆಗೆ ಹಾಕಿಕೊಂಡರು. ಎಲ್ಲೆಲ್ಲಿ ಕೆಟ್ಟಿದೆ ಎಂದು ಮನೆಯಲ್ಲಿ ಕುಳಿತು ಸರಿಯಾಗಿ ನೋಡಿ, ಬರುವ ಸೋಮವಾರ ತಂದುಕೊಡುತ್ತೇನೆ ಎಂದರು. ಸೋಮವಾರ ಮರೆತೆ ಎಂದರು. ಅದರ ಮುಂದಿನ ಸೋಮವಾರ, ಇನ್ನೂ ಅರ್ಧ ಕೇಳುವುದಿದೆ ಎಂದರು. ಆಮೇಲೆ ನಾನು ಬೆಟಗೇರಿಯ ಶಾಲೆಗೇ ವರ್ಗವಾಗಿ ಟೆಂಪೋ ಬಿಟ್ಟೆ. ಒಂದು ಸಂಜೆ ಗದಗದಲ್ಲಿ ಮಾಸ್ತರರ ಮನೆಯ ಮುಂದೆ ಹಾದು ಹೋಗುವಾಗ ಒಳಗಿನಿಂದ ಹಾರ್ಮೋನಿಯಂ ಕೇಳಿಸಿತು. ಮಾಸ್ತರರು ತಾವೇ ದನಿ ತೆಗೆದು 'ಸೈಕಲ್ಲೂ...' ಎಂದು ಇಳಿಯುತ್ತಿದ್ದರು. ಮೇಲೆ ಬರಲು ಕಷ್ಟಪಡುತ್ತಿದ್ದರು. ನಾನು ಬಾಗಿಲು ಬಡಿಯದೆ ಮನೆಗೆ ಬಂದೆ.